ನಮ್ಮ ಮುತ್ತಜ್ಜ ನಿಜಾಮನ ರೈಲಿನಲ್ಲಿದ್ದನೇ?

ಪ್ರಶ್ನೆ: ನಾನು ಕೊಪ್ಪಳ ತಾಲ್ಲೂಕಿನ ಶಾಲೆಯೊಂದರಲ್ಲಿ ಟೀಚರ್. ನಮ್ಮ ಮುತ್ತಜ್ಜ ಭಾನಾಪುರದ ಕಡೆ ರೈಲ್ವೆ ಗ್ಯಾಂಗಿನಲ್ಲಿದ್ದ. ಸ್ವಾತಂತ್ರ್ಯ ಬಂದ ವರ್ಷವೂ ಡ್ಯೂಟಿಯಲ್ಲಿದ್ದನಂತೆ. ‘ನಿಜಾಮನ ರೈಲಿನಲ್ಲಿ ಕೆಲಸ, ಆದ್ರೆ ಕಲ್ದಾರ್ ಪಗಾರ’ ಅಂತ ಅಜ್ಜಿ ಹೇಳುತ್ತಿದ್ದಳು. ಈ ಲೈನಿಗೆ ಮೊದಲು ಹಳಿ ಹಾಕಿದವರಲ್ಲಿ ಅವನೂ ಒಬ್ಬ ಎಂಬ ಮಾತು ಮನೆಯಲ್ಲಿದೆ. ಧಾತು ಈಶ್ವರ ಬರದಲ್ಲಿ ಜನರನ್ನು ಉಳಿಸಲು ಬ್ರಿಟಿಷರು ಬಳ್ಳಾರಿಗೆ ರೈಲು ತಂದರು ಅಂತಲೂ ಹೇಳುತ್ತಾರೆ. ನಮ್ಮಲ್ಲಿ ‘ಎಂ. ಅಂಡ್ ಎಸ್. ಎಂ.’ ಎಂಬ ಅಕ್ಷರಗಳಿರುವ ಹಿತ್ತಾಳೆ ಬಿಲ್ಲೆ, ಇಂಗ್ಲಿಷಿನ ಕೆಲವು ಹಳೇ ಕಾಗದ, ಒಂದು ಫೋಟೊ ಇವೆ. ಚಿಕ್ಕಪ್ಪ ಕಾಗದಗಳಿಗೆ ಲ್ಯಾಮಿನೇಷನ್ ಮಾಡಿಸೋಣ ಅಂತಾನೆ. ಅವನ ಮಗ, ಇವನ್ನೆಲ್ಲ ಆನ್‌ಲೈನಿನಲ್ಲಿ ಮಾರಿದರೆ ದುಡ್ಡು ಬರುತ್ತೆ ಅಂತಾನೆ. ಇನ್ನೊಬ್ಬರು ರೈಲ್ವೆಯಿಂದ ದಾಖಲೆ ತೆಗೆಸಿ, ಬಾಕಿ ಪಿಂಚಣಿಯನ್ನೂ ಕೊಡಿಸುತ್ತೇನೆಂದು ಮುಂಗಡ ಕೇಳಿದ್ದಾರೆ. ಇದರಲ್ಲಿ ಯಾವುದನ್ನು ನಂಬಲಿ? ಏನು ಮಾಡಲಿ?

ಉತ್ತರ: ಟೀಚರ್, ಮೊದಲು ಒಂದು ಕೆಲಸ ಮಾಡಿ. ಮುಂಗಡ ಕೊಡಬೇಡಿ, ಲ್ಯಾಮಿನೇಷನ್ ನಿಲ್ಲಿಸಿ. ಉಳಿದದ್ದನ್ನು ನಿಧಾನವಾಗಿ ನೋಡಬಹುದು.

ನಿಮ್ಮ ಪತ್ರದಲ್ಲಿ ನಿಮ್ಮ ಆತಂಕ ಎರಡು ಕಡೆ ಇದೆ. ಮನೆಯವರು ಹೇಳಿದ್ದು ಸುಳ್ಳಾದರೆ ಹೇಗೆ ಅನ್ನೋದು ಒಂದು. ಕೈಯಲ್ಲಿರುವ ನಾಲ್ಕು ವಸ್ತು ಹಾಳಾದರೆ ಅಥವಾ ಕೈತಪ್ಪಿದರೆ ಅನ್ನೋದು ಇನ್ನೊಂದು. ಹಳೇ ರೈಲ್ವೆ ಕಾಗದ ಓದುವ ಕೆಲಸದಲ್ಲಿ ನಾನು ಇಂಥ ಮನೆಮಾತುಗಳನ್ನು ಬಹಳ ಕೇಳಿದ್ದೇನೆ. ಪೂರ್ತಿ ಸುಳ್ಳು ಅಂತ ಎತ್ತಿ ಹಾಕುವಂಥವು ಕಡಿಮೆ. ಎರಡು ತಲೆಮಾರಿನ ಸಂಗತಿ ಒಂದರಲ್ಲೊಂದು ಬೆರೆತಿರುತ್ತದೆ, ಅಷ್ಟೆ. ಬಿಡಿಸುವುದಕ್ಕೆ ಒಂದೇ ದಾರಿ ಇದೆ: ಯಾವ ಹಳಿ ಯಾವ ಕಂಪನಿಯದಾಗಿತ್ತು ಅನ್ನುವುದನ್ನು ಮೊದಲು ಖಚಿತ ಮಾಡಿಕೊಳ್ಳಬೇಕು. ನಮ್ಮ ಭಾಗದಲ್ಲಿ ನೆಲ ಒಬ್ಬರದು, ರೈಲು ಇನ್ನೊಬ್ಬರದು. ಇದು ಗೊತ್ತಿಲ್ಲದೆ ಹುಡುಕಲು ಹೋದವರು ಹೈದರಾಬಾದಿಗೆ ಹೋಗಿ ಬರಿಗೈಯಲ್ಲಿ ಬರುತ್ತಾರೆ.

ಕೊಪ್ಪಳ ಆಗ ನಿಜಾಮನ ರಾಜ್ಯದಲ್ಲಿತ್ತು, ನಿಜ. ಆದರೆ ಕೊಪ್ಪಳದ ಮೇಲೆ ಹೋಗುವ ಲೈನು ನಿಜಾಮನದಲ್ಲ. ಅದನ್ನು ಹಾಕಿದ್ದು ಸದರ್ನ್ ಮರಾಠಾ ರೈಲ್ವೆ ಎಂಬ ಕಂಪನಿ. 1882ರಲ್ಲಿ ಹುಟ್ಟಿದ ಈ ಕಂಪನಿಯ ಮುಖ್ಯ ಕಚೇರಿ ಧಾರವಾಡದಲ್ಲಿತ್ತು. 1880ರ ದಶಕದಲ್ಲಿ ಬಳ್ಳಾರಿಯಿಂದ ಹೊಸಪೇಟೆ, ಕೊಪ್ಪಳ, ಗದಗ, ಹುಬ್ಬಳ್ಳಿ ದಾಟಿ ಮಾರ್ಮಗೋವಾ ಬಂದರಿನ ಕಡೆಗೆ ಮೀಟರ್ ಗೇಜ್ ಹಳಿ, ಅಂದರೆ ಒಂದು ಮೀಟರ್ ಅಗಲದ ಹಳಿ, ಬಂತು. ಆ ಕಾಲದಲ್ಲಿ ಬಳ್ಳಾರಿಯಲ್ಲಿ ರೈಲು ಹತ್ತಿದವನು ಮದ್ರಾಸ್ ಪ್ರಾಂತ್ಯದಲ್ಲಿರುತ್ತಿದ್ದ. ಮುನಿರಾಬಾದ್, ಗಿಣಿಗೇರಾ, ಕೊಪ್ಪಳ, ಭಾನಾಪುರ ಬಂದಾಗ ನಿಜಾಮನ ಸೀಮೆ. ಗದಗಿನಲ್ಲಿ ಇಳಿದಾಗ ಮುಂಬೈ ಪ್ರಾಂತ್ಯ. ಕನ್ನಡ ಮಾತಾಡುವ ಜನರೇ ತುಂಬಿದ್ದ ಒಂದು ದಾರಿ, ಮೂರು ಸರ್ಕಾರ. ಹಳಿ ಮಾತ್ರ ಒಂದೇ ಕಂಪನಿಯದು.

ರಾಯಚೂರಿನ ಬಗ್ಗೆಯೂ ಇದೇ ತಪ್ಪು ತಿಳಿವಳಿಕೆ ಇದೆ. ನಿಜಾಮನೇ ರಾಯಚೂರಿಗೆ ರೈಲು ತಂದ ಅಂತಾರೆ. ಅಲ್ಲ. ಮುಂಬೈ ಕಡೆಯಿಂದ ಪುಣೆ, ಸೊಲ್ಲಾಪುರ, ಕಲಬುರಗಿ, ವಾಡಿ ಮೇಲೆ ಬಂದದ್ದು ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆ. ಮದ್ರಾಸ್ ಕಡೆಯಿಂದ ಕಡಪ, ಗುಂತಕಲ್, ಆದೋನಿ ಮೇಲೆ ಬಂದದ್ದು ಮದ್ರಾಸ್ ರೈಲ್ವೆ. 1871ರಲ್ಲಿ ಈ ಎರಡೂ ರಾಯಚೂರಿನಲ್ಲಿ ಕೂಡಿದವು. ಮುಂಬೈಗೂ ಮದ್ರಾಸಿಗೂ ನೇರ ಹಳಿ ಆದದ್ದು ನಮ್ಮ ರಾಯಚೂರಿನಲ್ಲಿ. ಈ ಮಾತು ನಮ್ಮ ಶಾಲೆಗಳಲ್ಲಿ ಯಾಕೆ ಜೋರಾಗಿ ಹೇಳುವುದಿಲ್ಲವೋ! ನಿಜಾಮನ ಸ್ವಂತ ರೈಲು ಅದಾದ ಮೇಲೆ, 1874ರಲ್ಲಿ, ವಾಡಿಯಿಂದ ಸಿಕಂದರಾಬಾದಿಗೆ ಓಡಿತು.

ಒಂದು ವಿಷಯ ಮಾತ್ರ ನೆನಪಿಡಿ. ಗದ್ವಾಲ್ 1956ರವರೆಗೆ ರಾಯಚೂರು ಜಿಲ್ಲೆಯಲ್ಲೇ ಇತ್ತು. ಅದರ ಮೇಲೆ ಕರ್ನೂಲ್ ಕಡೆಗೆ ಹೋದ ಮೀಟರ್ ಗೇಜ್ ಲೈನು ನಿಜಾಮ್ ರೈಲ್ವೆಯದೇ. ಆದ್ದರಿಂದ ‘ರಾಯಚೂರು ಜಿಲ್ಲೆಯಲ್ಲಿ ನಿಜಾಮನ ರೈಲಿನಲ್ಲಿದ್ದೆವು’ ಎಂದು ಯಾರಾದರೂ ಹೇಳಿದರೆ ತಕ್ಷಣ ಅಲ್ಲಗಳೆಯಬೇಡಿ. ಯಾವ ಊರು ಅಂತ ಕೇಳಿ.

ನಿಮ್ಮ ಮನೆಯಲ್ಲಿ ಇದಕ್ಕೆ ಎರಡು ಸಾಕ್ಷಿ ಇವೆ. ಒಂದು ಬಿಲ್ಲೆ. 1908ರಲ್ಲಿ ಸದರ್ನ್ ಮರಾಠಾ ಕಂಪನಿಯೂ ಮದ್ರಾಸ್ ರೈಲ್ವೆಯೂ ಸೇರಿ ಮದ್ರಾಸ್ ಅಂಡ್ ಸದರ್ನ್ ಮರಾಠಾ ರೈಲ್ವೆ ಆಯಿತು. ನಿಮ್ಮ ಬಿಲ್ಲೆಯ ಅಕ್ಷರಗಳು ಆ ಹೆಸರಿನವು. 1944ರಲ್ಲಿ ಸರ್ಕಾರ ಕಂಪನಿಯ ಕೈಯಿಂದ ಅದನ್ನು ತೆಗೆದುಕೊಂಡಿತು. 1951ರ ಏಪ್ರಿಲ್‌ನಲ್ಲಿ ಅದು ದಕ್ಷಿಣ ರೈಲ್ವೆಯೊಳಗೆ ಸೇರಿತು. ಅಂದರೆ ಬಿಲ್ಲೆ 1908ಕ್ಕಿಂತ ಹಿಂದಿನದಲ್ಲ, 1951ರ ನಂತರದ್ದೂ ಅಲ್ಲ.

ಇನ್ನೊಂದು ಸಾಕ್ಷಿ ನಿಮ್ಮ ಅಜ್ಜಿಯ ಮಾತು. ಕಲ್ದಾರ್ ಅಂದರೆ ಬ್ರಿಟಿಷ್ ರೂಪಾಯಿ. ನಿಜಾಮನ ರಾಜ್ಯದಲ್ಲಿ ಚಲಾವಣೆಯಲ್ಲಿದ್ದದ್ದು ಹಾಲಿ ಸಿಕ್ಕಾ. ಕಲ್ದಾರಿನ ಬೆಲೆ ಅದಕ್ಕಿಂತ ಜಾಸ್ತಿ. ಕಂಪನಿ ತನ್ನ ಲೆಕ್ಕ ಇಡುತ್ತಿದ್ದದ್ದು ಬ್ರಿಟಿಷ್ ರೂಪಾಯಿಯಲ್ಲಿ. ನಿಜಾಮನ ಸೀಮೆಯಲ್ಲಿ ಮನೆ, ಕೈಗೆ ಬರುವುದು ಕಲ್ದಾರ್. ಸಂತೆಯಲ್ಲಿ ಆ ಮನೆಗೆ ಒಂದು ತೂಕ ಇರುತ್ತಿತ್ತು. ನಿಮ್ಮ ಅಜ್ಜಿ ಅದನ್ನು ಮರೆಯಲಿಲ್ಲ. ಅವರ ಮಾತಿನಲ್ಲಿ ‘ನಿಜಾಮನ ರೈಲು’ ಎಂಬುದು ತಪ್ಪು, ‘ಕಲ್ದಾರ್ ಪಗಾರ’ ಎಂಬುದು ಸರಿ. ಆ ಎರಡನೆಯ ಮಾತೇ ಮೊದಲನೆಯದನ್ನು ತಿದ್ದುತ್ತದೆ.

ಈಗ ಹಳಿ ಹಾಕಿದ ವಿಚಾರ. 1947ರಲ್ಲಿ ಡ್ಯೂಟಿಯಲ್ಲಿದ್ದವನು 1880ರ ದಶಕದಲ್ಲಿ ಈ ಲೈನು ಹಾಕಿರಲು ಸಾಧ್ಯವಿಲ್ಲ. ವಯಸ್ಸಿನ ಲೆಕ್ಕ ಕೂಡುವುದಿಲ್ಲ. ಹಾಕಿದ್ದರೆ ಅವನ ಅಪ್ಪನೋ ಅಜ್ಜನೋ ಇರಬೇಕು. ಅದಕ್ಕೆ ಬೇರೆ ಪುರಾವೆ ಬೇಕು. ಆದರೆ ಇದರಿಂದ ಬೇಜಾರು ಮಾಡಿಕೊಳ್ಳಬೇಡಿ. ಗ್ಯಾಂಗಿನವನ ಕೆಲಸ ಏನಿತ್ತು ಅಂತ ತಿಳಿದರೆ ಆ ಮಾತು ಯಾಕೆ ಹುಟ್ಟಿತು ಅನ್ನುವುದು ಅರ್ಥವಾಗುತ್ತದೆ.

ಕೊಪ್ಪಳದಿಂದ ಗದಗಿನವರೆಗೆ ಬಹುಭಾಗ ಎರೆ ನೆಲ. ಬೇಸಿಗೆಯಲ್ಲಿ ಕೈ ಇಳಿಯುವಷ್ಟು ಬಿರುಕು ಬಿಡುತ್ತದೆ. ಮಳೆ ಬಿದ್ದರೆ ಉಬ್ಬುತ್ತದೆ, ಮೆತ್ತಗಾಗುತ್ತದೆ. ಹಳಿಯ ಕೆಳಗಿನ ಜಲ್ಲಿ ಈ ಮಣ್ಣಿನೊಳಗೆ ಇಳಿದು ಹೋಗುತ್ತದೆ. ಆಗ ಒಂದು ಹಳಿ ತಗ್ಗು, ಇನ್ನೊಂದು ಎತ್ತರ. ಮೇಲೆ ಬರುವ ಗಾಡಿ ಒಲೆಯುತ್ತದೆ, ಹೆಚ್ಚಾದರೆ ಉರುಳುತ್ತದೆ. ಗ್ಯಾಂಗಿನವರು ಹಳಿಯನ್ನು ಸನ್ನೆಗೋಲಿನಿಂದ ಎತ್ತಿ, ದಿಮ್ಮಿಯ ಕೆಳಗೆ ಜಲ್ಲಿ ತುರುಕಿ, ಬಡಿದು ಬಿಗಿ ಮಾಡಬೇಕು. ಗ್ಯಾಂಗಿನ ಮುಖ್ಯಸ್ಥನಾದ ಮೇಟ್ ಬಗ್ಗಿ ಕಣ್ಣಳತೆಯಲ್ಲೇ ಮಟ್ಟ ನೋಡುತ್ತಿದ್ದ. ಕೀಮನ್ ಸುತ್ತಿಗೆ ಹಿಡಿದು ತನ್ನ ಪಾಲಿನ ಮೈಲಿಗಳನ್ನು ದಿನಾ ನಡೆದು, ಸಡಿಲವಾದ ಕೀಲುಗಳನ್ನು ಹೊಡೆದು ಕೂರಿಸುತ್ತಿದ್ದ. ಬಿಸಿಲಿಗೆ ಹಳಿ ಉದ್ದವಾಗಿ ಸೊಟ್ಟಗಾಗುವುದನ್ನೂ ನೋಡಬೇಕು. ಮಳೆಗಾಲದ ರಾತ್ರಿ ಕಂದೀಲು ಹಿಡಿದು ಹಳ್ಳದ ಮೋರಿಗಳನ್ನು ಕಾಯಬೇಕು. ಹಳ್ಳ ಬಂದು ಮೋರಿಯ ಪಕ್ಕದ ಮಣ್ಣು ಕೊಚ್ಚಿಹೋದರೆ ಮೇಲಿನ ಹಳಿ ಹಾಗೇ ತೂಗಾಡುತ್ತಾ ನಿಂತಿರುತ್ತದೆ. ದೂರದಿಂದ ಬರುವ ಡ್ರೈವರಿಗೆ ಅದು ಕಾಣುವುದಿಲ್ಲ. ಕೆಂಪು ದೀಪ ಹಿಡಿದು ಎದುರಿಗೆ ಓಡಬೇಕಾದವನು ಈ ಕಾವಲಿನವನೇ.

ಹಳೇ ದಿಮ್ಮಿ ತೆಗೆದು ಹೊಸದು ಹಾಕುವುದು, ಸವೆದ ಹಳಿ ಬದಲಿಸುವುದು ಇವರ ಮಾಮೂಲಿ ಕೆಲಸ. ಇಡೀ ಜೀವನ ಹಳಿ ಹಾಕಿದವನನ್ನು ಮಕ್ಕಳು ‘ಹಳಿ ಹಾಕಿದವನು’ ಅನ್ನದೆ ಏನನ್ನಬೇಕು? ಮೊದಲ ಸಲ ಹಾಕಿದವರಿಗಿಂತ ಎರೆ ನೆಲದ ಮೇಲೆ ಅದನ್ನು ವರ್ಷಗಟ್ಟಲೆ ನೆಟ್ಟಗೆ ಇಟ್ಟವರ ಕೆಲಸ ದೊಡ್ಡದು ಅಂತ ನನ್ನ ಅಭಿಪ್ರಾಯ.

ಬರದ ಮಾತಿಗೆ ಬರೋಣ. ಇಲ್ಲಿ ಕಾಲವನ್ನು ಸರಿಯಾಗಿ ಜೋಡಿಸಬೇಕು. ಧಾತು ಈಶ್ವರ ಬರ 1876ರಿಂದ 1878. ಗುಂತಕಲ್ಲಿನಿಂದ ಬಳ್ಳಾರಿಗೆ ರೈಲು ಬಂದದ್ದು ಅದಕ್ಕೂ ಮೊದಲು, ಮದ್ರಾಸ್ ರೈಲ್ವೆಯ ಕವಲಾಗಿ. ಅಂದರೆ ಬರ ಬಿದ್ದಾಗ ಬಳ್ಳಾರಿಯಲ್ಲಿ ಸ್ಟೇಷನ್ ಇತ್ತು. ಆದರೂ ಆಗಿನ ಬಳ್ಳಾರಿ ಜಿಲ್ಲೆಯ ಜನಸಂಖ್ಯೆ ಸುಮಾರು ಐದನೇ ಒಂದು ಪಾಲು ಕುಸಿಯಿತು. ರೈಲು ಇದ್ದೂ ಜನ ಯಾಕೆ ಸತ್ತರು? ಸ್ಟೇಷನ್ನಿಗೆ ಕಾಳು ಬಂದರೆ ಸಾಲದು, ಕೊಳ್ಳಲು ಕೈಯಲ್ಲಿ ಕಾಸು ಬೇಕು. ಬೆಳೆ ಹೋದ ಮೇಲೆ ಕೂಲಿಯೂ ಹೋಯಿತು. ಒಳಗಿನ ಹಳ್ಳಿಗಳಿಗೆ ಕಾಳು ಸಾಗಿಸಬೇಕಾದ ಎತ್ತುಗಳು ಮೇವಿಲ್ಲದೆ ಸತ್ತಿದ್ದವು. ವ್ಯಾಪಾರಸ್ಥರು ಬೆಲೆ ಜಾಸ್ತಿ ಇದ್ದ ಕಡೆ ಕಾಳು ಕಳಿಸಿದರು. ಸರ್ಕಾರ ಬೆಲೆಯ ವಿಷಯದಲ್ಲಿ ಕೈಹಾಕಲಿಲ್ಲ.

ಬರ ಮುಗಿದ ಮೇಲೆ 1880ರಲ್ಲಿ ಕ್ಷಾಮ ಆಯೋಗ ಒಳನಾಡಿಗೆ ಇನ್ನಷ್ಟು ರೈಲು ಬೇಕು ಎಂದಿತು. ಬಳ್ಳಾರಿಯಿಂದ ಪಶ್ಚಿಮಕ್ಕೆ ಹೋದ ನಿಮ್ಮ ಕೊಪ್ಪಳದ ಲೈನು ಹುಟ್ಟಿದ್ದು ಆ ಶಿಫಾರಸಿನ ಗಾಳಿಯಲ್ಲಿ. ಹಾಗಾಗಿ ‘ಬರಕ್ಕಾಗಿ ರೈಲು’ ಎಂಬುದು ಬಳ್ಳಾರಿಯ ಮೊದಲ ಲೈನಿಗೆ ಒಪ್ಪುವುದಿಲ್ಲ, ಕೊಪ್ಪಳದ ಲೈನಿಗೆ ಅರ್ಧ ಒಪ್ಪುತ್ತದೆ. ಇನ್ನರ್ಧ ಹತ್ತಿ. ಬಳ್ಳಾರಿ, ಗದಗ, ಹುಬ್ಬಳ್ಳಿಯ ಹತ್ತಿ ಅಂಡಿಗೆಗಳನ್ನು ಬಂದರಿಗೆ ಮುಟ್ಟಿಸುವುದು ಕಂಪನಿಯ ಲೆಕ್ಕದಲ್ಲಿ ದೊಡ್ಡದಿತ್ತು. ಆಮೇಲೆ ಸಂಡೂರಿನ ಅದಿರೂ ಈ ದಾರಿಗೆ ಸೇರಿತು.

ಇದನ್ನು ಇಷ್ಟು ಹೇಳಲು ಕಾರಣ ಇದೆ. ಮಕ್ಕಳಿಗೆ ಪಾಠ ಮಾಡುವಾಗ ‘ಬ್ರಿಟಿಷರು ರೈಲು ತಂದು ಉಳಿಸಿದರು’ ಎಂದರೂ ತಪ್ಪಾಗುತ್ತದೆ, ‘ಲೂಟಿಗೆ ಮಾತ್ರ ತಂದರು’ ಎಂದರೂ ಅರ್ಧ ಕತೆಯಾಗುತ್ತದೆ. ಮುಂದಿನ ದಿನಗಳಲ್ಲಿ ಗುಳೆ ಹೋಗುವವರು ಇದೇ ಗಾಡಿ ಹತ್ತಿದರು. ಹುಣ್ಣಿಮೆಗೆ ಹುಲಿಗೆಮ್ಮನ ದರ್ಶನಕ್ಕೆ ಬರುವವರು ಮುನಿರಾಬಾದಿನಲ್ಲಿ ಇಳಿದರು. ನಾಟಕ ಕಂಪನಿಗಳು ಪರದೆ, ಪೆಟ್ಟಿಗೆ ಸಮೇತ ಊರೂರಿಗೆ ಹೋದದ್ದೂ ರೈಲಿನಲ್ಲೇ. ಕಂಪನಿ ಯಾವ ಲೆಕ್ಕ ಹಾಕಿತ್ತೋ ಹಾಕಿತ್ತು, ಜನ ತಮಗೆ ಬೇಕಾದ ಹಾಗೆ ಬಳಸಿಕೊಂಡರು.

ಎಲ್ಲರೂ ಇಷ್ಟಪಟ್ಟು ಹತ್ತಿದವರಲ್ಲ ಅನ್ನುವುದನ್ನೂ ಮಕ್ಕಳಿಗೆ ಹೇಳಿ. 1921ರ ನವೆಂಬರ್‌ನಲ್ಲಿ ಬ್ರಿಟಿಷರ ವಿರುದ್ಧದ ದಂಗೆಯಲ್ಲಿ ಸೆರೆಸಿಕ್ಕ ಮಲಬಾರಿನ ಮಾಪಿಳ್ಳೆ ಮುಸ್ಲಿಂ ಕೈದಿಗಳನ್ನು ತಿರೂರಿನಿಂದ ಗಾಳಿಯಾಡದ ವ್ಯಾಗನ್ನಿನಲ್ಲಿ ತುಂಬಿ ಕಳಿಸಿದರು. ಅವರನ್ನು ಒಯ್ಯುತ್ತಿದ್ದದ್ದು ನಮ್ಮ ಬಳ್ಳಾರಿ ಜೈಲಿಗೆ. ಕೊಯಮತ್ತೂರಿನ ಹತ್ತಿರ ಪೋದನೂರಿನಲ್ಲಿ ಬಾಗಿಲು ತೆಗೆದಾಗ ಬಹಳ ಜನ ಉಸಿರುಗಟ್ಟಿ ಸತ್ತಿದ್ದರು. ವ್ಯಾಗನ್ ಬಳ್ಳಾರಿಯಲ್ಲಿ ತೆರೆಯಿತು ಎಂದು ಇಲ್ಲಿ ಯಾರಾದರೂ ಹೇಳಿದರೆ ಅದು ತಪ್ಪು.

ನಿಮ್ಮ ಮುತ್ತಜ್ಜನ ಕಾಲದ ಇನ್ನೊಂದು ಸಂಗತಿ. 1947ರ ಆಗಸ್ಟ್ 15ರಿಂದ 1948ರ ಸೆಪ್ಟೆಂಬರ್‌ವರೆಗೆ ಹೊಸಪೇಟೆ, ಗದಗ ಸ್ವತಂತ್ರ ಭಾರತದಲ್ಲಿದ್ದವು. ನಡುವಿನ ಕೊಪ್ಪಳ, ಭಾನಾಪುರ ನಿಜಾಮನ ಆಳ್ವಿಕೆಯಲ್ಲೇ ಇದ್ದವು. ರೈಲ್ವೆ ಅಷ್ಟರಲ್ಲಿ ಭಾರತ ಸರ್ಕಾರದ್ದಾಗಿತ್ತು. ನಿಮ್ಮ ಮುತ್ತಜ್ಜ ಭಾರತ ಸರ್ಕಾರದ ಪಗಾರ ತೆಗೆದುಕೊಂಡು ನಿಜಾಮನ ರಾಜ್ಯದಲ್ಲಿ ಹಳಿ ಕಾಯುತ್ತಿದ್ದ. ನಿಜಾಮನ ಪರವಾದ ಸಶಸ್ತ್ರ ಪಡೆಯಾದ ರಜಾಕಾರರ ಹಾವಳಿಯ ದಿನಗಳು ಅವು. ಮನೆಯ ಹಿರಿಯರಲ್ಲಿ ಯಾರಿಗಾದರೂ ಆ ವರ್ಷದ ನೆನಪು ಇದ್ದರೆ, ಅಥವಾ ಕೇಳಿದ್ದು ಗೊತ್ತಿದ್ದರೆ, ಇವತ್ತೇ ಕೂತು ಬರೆದುಕೊಳ್ಳಿ. ಉಳಿದ ಎಲ್ಲದಕ್ಕಿಂತ ಇದು ಅವಸರದ ಕೆಲಸ.

ಯಾಕೆ ಅಂತೀರಾ? ದಾಖಲೆಗಳಲ್ಲಿ ಅವನ ಹೆಸರು ಸಿಗುವ ಸಾಧ್ಯತೆ ಕಡಿಮೆ. ಇದನ್ನು ನೇರವಾಗಿ ಹೇಳಿಬಿಡುತ್ತೇನೆ. ಎಂಜಿನಿಯರುಗಳ, ದೊಡ್ಡ ಅಧಿಕಾರಿಗಳ ಹೆಸರು ಅಚ್ಚಾದ ಪಟ್ಟಿಗಳಲ್ಲಿವೆ. ಗ್ಯಾಂಗಿನವರ ಹೆಸರು ಇರುತ್ತಿದ್ದದ್ದು ಹಾಜರಿ ಪಟ್ಟಿಯಲ್ಲಿ, ಪಗಾರ ಹಾಳೆಯಲ್ಲಿ. ಇಂಥ ಕಾಗದಗಳನ್ನು ಕೆಲವು ವರ್ಷ ಇಟ್ಟು ನಾಶ ಮಾಡುವುದು ಕಚೇರಿಗಳ ಪದ್ಧತಿ. ಹಳಿಯನ್ನು ನೆಟ್ಟಗೆ ಇಟ್ಟವರ ಹೆಸರೇ ಉಳಿಯಲಿಲ್ಲ ಅನ್ನುವುದು ನನಗೆ ಬಹಳ ನೋವು ಕೊಡುವ ವಿಷಯ. ಅದಕ್ಕೇ ನಿಮ್ಮ ಮನೆಯ ನಾಲ್ಕು ಕಾಗದ ಅಷ್ಟು ಮುಖ್ಯ.

ಆದರೂ ಹುಡುಕುವುದಿದ್ದರೆ ಹೀಗೆ ಮಾಡಿ. ಕಾಗದಗಳಲ್ಲಿ 1951ರ ನಂತರದ್ದು ಯಾವುದಾದರೂ ಇದೆಯೇ ನೋಡಿ. ಸರ್ವಿಸ್ ಷೀಟ್, ಪಾಸ್, ಪ್ರಾವಿಡೆಂಟ್ ಫಂಡಿನ ಚೀಟಿ ಯಾವುದಾದರೂ ಸರಿ. ಇದ್ದರೆ ಅದರಲ್ಲಿ ನಂಬರ್, ವಿಭಾಗದ ಹೆಸರು ಇರುತ್ತದೆ. ಅವೆರಡನ್ನು ಹಾಕಿ ಮಾಹಿತಿ ಹಕ್ಕಿನಲ್ಲಿ ಅರ್ಜಿ ಕೊಡಬಹುದು. ಶುಲ್ಕ 10 ರೂಪಾಯಿ. ಕೊಪ್ಪಳ, ಬಳ್ಳಾರಿ ಈಗ ನೈರುತ್ಯ ರೈಲ್ವೆಯ ಹುಬ್ಬಳ್ಳಿ ವಿಭಾಗದಲ್ಲಿವೆ. ರಾಯಚೂರಿನವರಾದರೆ ತಮ್ಮ ಸ್ಟೇಷನ್ ಈಗ ಯಾವ ವಿಭಾಗದಲ್ಲಿದೆ ಅಂತ ಕೇಳಿಕೊಂಡು ಬರೆಯಬೇಕು. ‘ದಾಖಲೆ ಲಭ್ಯವಿಲ್ಲ’ ಎಂಬ ಉತ್ತರ ಬರಬಹುದು, ಮನಸ್ಸು ಗಟ್ಟಿ ಮಾಡಿಕೊಂಡೇ ಕಳಿಸಿ. ಲೈನಿನ ಇತಿಹಾಸ ಬೇಕಾದರೆ ಚೆನ್ನೈನ ಎಗ್ಮೋರಿನಲ್ಲಿರುವ ತಮಿಳುನಾಡು ಪತ್ರಾಗಾರ ಒಳ್ಳೆಯದು. ಬಳ್ಳಾರಿ 1953ರವರೆಗೆ ಮದ್ರಾಸಿನಲ್ಲಿದ್ದದ್ದರಿಂದ ಅಲ್ಲಿ ಸಾಮಗ್ರಿ ಇದೆ. ನಿಜಾಮ್ ಸರ್ಕಾರದ ಕಡೆಯ ಪತ್ರವ್ಯವಹಾರಕ್ಕೆ ಹೈದರಾಬಾದಿನ ತಾರ್ನಾಕಾದ ಪತ್ರಾಗಾರ. ಅಲ್ಲಿ ಉರ್ದು, ಪರ್ಷಿಯನ್ ಓದುವವರ ಸಹಾಯ ಬೇಕು. ಮೊದಲು ಪತ್ರ ಬರೆದು, ಏನಿದೆ ಅಂತ ಕೇಳಿಕೊಂಡು ಹೋಗಿ. ಸುಮ್ನೆ ಬಸ್ ಹತ್ತಬೇಡಿ.

ಲ್ಯಾಮಿನೇಷನ್ ಯಾಕೆ ಬೇಡ ಅಂದೆ? ಬಿಸಿಗೆ ಪ್ಲಾಸ್ಟಿಕ್ ಕಾಗದದ ನಾರಿಗೆ ಅಂಟಿಕೊಳ್ಳುತ್ತದೆ. ಮತ್ತೆ ಬಿಡಿಸಲಾಗದು. ಹಳೇ ಕಾಗದದೊಳಗಿನ ಹುಳಿ ಒಳಗೇ ಉಳಿದು, ಕೆಲವು ವರ್ಷದಲ್ಲಿ ಅದು ಕಂದಿ ಪುಡಿಯಾಗುತ್ತದೆ. ಸೆಲ್ಲೋಟೇಪೂ ಬೇಡ. ಹಗಲು ಬೆಳಕಿನಲ್ಲಿ, ನೇರ ಬಿಸಿಲು ತಾಗದ ಹಾಗೆ, ಎರಡೂ ಬದಿ ಫೋನಿನಲ್ಲಿ ಫೋಟೊ ತೆಗೆಯಿರಿ. ಮಡಿಕೆ ಬಿಡಿಸಿ, ಆಮ್ಲವಿಲ್ಲದ ಕಾಗದದ ಕವರಿನಲ್ಲಿ ಚಪ್ಪಟೆಯಾಗಿಟ್ಟು, ತೇವ ಇಲ್ಲದ ಕಪಾಟಿನಲ್ಲಿಡಿ. ಬಿಲ್ಲೆಯನ್ನು ಹುಣಸೆಹಣ್ಣು ಹಾಕಿ ತಿಕ್ಕಬೇಡಿ. ಫಳಫಳ ಹೊಳೆಯುತ್ತದೆ, ಆದರೆ ಪ್ರತಿ ಸಲ ಅಕ್ಷರ ಸ್ವಲ್ಪ ಸವೆಯುತ್ತದೆ. ಒಣ ಬಟ್ಟೆಯಲ್ಲಿ ಒರೆಸಿದರೆ ಸಾಕು. ಫೋಟೊದ ಹಿಂದೆ ಪೆನ್ನಿನಲ್ಲಿ ಬರೆಯಬೇಡಿ, ಮೆತ್ತನೆ ಪೆನ್ಸಿಲಿನಲ್ಲಿ ಹೆಸರು ಬರೆಯಿರಿ.

ಮಾರುವ ಬಗ್ಗೆ. ಅದು ನಿಮ್ಮ ಮನೆಯ ಆಸ್ತಿ, ತೀರ್ಮಾನ ನಿಮ್ಮದು. ಕೊಳ್ಳುವವರಿಗೆ ಬೇಕಾದದ್ದು ಬಿಲ್ಲೆ ಮಾತ್ರ. ಕಾಗದ, ಫೋಟೊ ಬೇರೆಯಾಗುತ್ತವೆ. ಬೇರೆಯಾದ ಮೇಲೆ ಬಿಲ್ಲೆ ಯಾರದ್ದು ಅಂತ ಯಾರಿಗೂ ಗೊತ್ತಾಗುವುದಿಲ್ಲ. ರೈಲ್ವೆ ಆಸ್ತಿಯನ್ನು ಅಕ್ರಮವಾಗಿ ಇಟ್ಟುಕೊಳ್ಳುವುದರ ಬಗ್ಗೆ 1966ರ ಕಾನೂನೂ ಇದೆ. ಎಲ್ಲಿಂದ ಬಂತು ಎಂಬ ಪ್ರಶ್ನೆ ಎದ್ದರೆ ಉತ್ತರ ಕೈಯಲ್ಲಿರಬೇಕು. ಮಾರಿದರೂ ಇಟ್ಟುಕೊಂಡರೂ, ಈ ವಸ್ತುಗಳು ಮನೆಗೆ ಹೇಗೆ ಬಂದವು ಅಂತ ಒಂದು ಹಾಳೆ ಬರೆದು ಹಿರಿಯರ ಸಹಿ ಹಾಕಿಸಿ ಇಡಿ.

ಸಂಗ್ರಹಾಲಯಕ್ಕೆ ಕೊಡುವುದಾದರೆ ಹುಬ್ಬಳ್ಳಿಯಲ್ಲಿ 2020ರಲ್ಲಿ ಶುರುವಾದ ರೈಲ್ವೆ ಮ್ಯೂಸಿಯಂ ನಿಮಗೆ ಹತ್ತಿರ. ಮೈಸೂರಿನದು 1979ರಿಂದ ಇದೆ. ಅಲ್ಲೂ ಒಂದು ಅಪಾಯ ಇದೆ. ಕೊಟ್ಟದ್ದು ಪ್ರದರ್ಶನಕ್ಕೆ ಬರದೆ ಗೋದಾಮಿನಲ್ಲಿ ಉಳಿಯಬಹುದು. ಬಾಯಿಮಾತಿನಲ್ಲಿ ಕೊಡಬೇಡಿ. ಕೊಟ್ಟವರ ಹೆಸರು, ಮುತ್ತಜ್ಜನ ಹೆಸರು, ವಸ್ತುಗಳ ಪಟ್ಟಿ ಇರುವ ಸ್ವೀಕೃತಿ ಪತ್ರ ಕೇಳಿ. ಕಾಗದಗಳ ಪ್ರತಿ ನಿಮ್ಮಲ್ಲಿರಲಿ. ನನ್ನನ್ನು ಕೇಳಿದರೆ, ಸದ್ಯ ನೀವೇ ಇಟ್ಟುಕೊಳ್ಳಿ. ಹಿರಿಯರ ಮಾತು ಬರೆದುಕೊಳ್ಳುವ ಕೆಲಸ ಮುಗಿಯುವವರೆಗೆ ಬಿಲ್ಲೆ ಮನೆಯಲ್ಲಿರಬೇಕು. ಅದನ್ನು ಕೈಗೆ ಕೊಟ್ಟು ಕೇಳಿದರೆ ಮರೆತ ಮಾತೂ ಹೊರಬರುತ್ತದೆ.

ಇನ್ನು ಪಿಂಚಣಿ. ರೈಲ್ವೆಯಲ್ಲಿ ಪಿಂಚಣಿ ಪದ್ಧತಿ ಬಂದದ್ದು 1957ರಲ್ಲಿ. ಅದಕ್ಕೂ ಮುಂಚೆ ಪ್ರಾವಿಡೆಂಟ್ ಫಂಡ್ ಇದ್ದವರಿಗೆ ನಿವೃತ್ತಿಯಲ್ಲಿ ಒಟ್ಟು ಹಣ ಕೊಟ್ಟು ಲೆಕ್ಕ ಮುಗಿಸುತ್ತಿದ್ದರು. ನಿಮ್ಮ ಮುತ್ತಜ್ಜ ಅದಕ್ಕೆ ಮುಂಚೆಯೇ ಕೆಲಸ ಬಿಟ್ಟಿದ್ದರೆ ಪಿಂಚಣಿಯ ಮಾತೇ ಬರುವುದಿಲ್ಲ. ಆಮೇಲೆ ಬಿಟ್ಟಿದ್ದರೂ ಕುಟುಂಬ ಪಿಂಚಣಿ ಮರಿಮಕ್ಕಳವರೆಗೆ ಇಳಿದು ಬರುವಂಥದ್ದಲ್ಲ. ಆದ್ದರಿಂದ ಮುಂಗಡ ಕೇಳಿದವರಿಗೆ ಬೇಡ ಅನ್ನಿ, ಮೂಲ ಕಾಗದಗಳನ್ನು ‘ಜೆರಾಕ್ಸ್ ಮಾಡಿ ಕೊಡ್ತೀನಿ’ ಅಂದರೂ ಕೊಡಬೇಡಿ. ಈಗಾಗಲೇ ಯಾವುದಾದರೂ ಕೊಟ್ಟಿದ್ದರೆ ಈ ವಾರವೇ ಹೋಗಿ ವಾಪಸ್ ತನ್ನಿ.